ಗೋಡೆಗಳು ಕ್ರೈಸ್ತನನ್ನು ಮಾಡುತ್ತವೆಯೇ? ವಿಕ್ಟೋರಿನಸ್ ಎಂಬ ಪಂಡಿತನ ಪ್ರಕರಣ

ಯೇಸುವನ್ನು ನಂಬುತ್ತೇನೆ, ಬೈಬಲ್ ಓದುತ್ತೇನೆ, ಮನೆಯಲ್ಲೇ ಪ್ರಾರ್ಥನೆ ಮಾಡುತ್ತೇನೆ. ಇಷ್ಟಿದ್ದರೆ ಸಾಲದಾ? ಚರ್ಚಿಗೆ ಯಾಕೆ ಸೇರಬೇಕು? ಇದು ಇವತ್ತಿನವರ ಪ್ರಶ್ನೆ ಅಂತ ಹಲವರು ಅಂದುಕೊಂಡಿದ್ದಾರೆ. ಆದರೆ ಸುಮಾರು ಕ್ರಿ.ಶ. 355ರಲ್ಲೇ ರೋಮ್ ನಗರದ ಒಬ್ಬ ಹೆಸರಾಂತ ಪಂಡಿತ ಇದನ್ನು ಕೇಳಿದ್ದ. ಇನ್ನೂ ಚೂಪಾಗಿ, ಸ್ವಲ್ಪ ನಗೆಯಾಡುತ್ತಾ ಕೇಳಿದ್ದ. ಯಾರೂ ಅವನನ್ನು ವಾದದಲ್ಲಿ ಸೋಲಿಸಲಿಲ್ಲ. ಆದರೂ ಅವನು ಕೊನೆಗೆ ಚರ್ಚಿನ ಬಾಗಿಲು ದಾಟಿದ. ಯಾಕೆ ದಾಟಿದ ಅನ್ನುವುದೇ ಈ ಪ್ರಕರಣ.

ಅವನ ಹೆಸರು ಗೈಯಸ್ ಮಾರಿಯಸ್ ವಿಕ್ಟೋರಿನಸ್. ಕತೆ ನಮಗೆ ಸಿಗುವುದು ಹೆಸರಾಂತ ಕ್ರೈಸ್ತ ಚಿಂತಕ ಅಗಸ್ಟೀನ್ ತನ್ನ ಬದುಕಿನ ಬಗ್ಗೆ ಬರೆದ ‘ಕನ್ಫೆಷನ್ಸ್’ನ ಎಂಟನೆಯ ಭಾಗದಲ್ಲಿ. 386ರಲ್ಲಿ ಮಿಲಾನ್‌ನಲ್ಲಿ ಸಿಂಪ್ಲಿಸಿಯಾನಸ್ ಎಂಬ ಹಿರಿಯ ಪಾದ್ರಿ ಇದನ್ನು ಅಗಸ್ಟೀನನಿಗೆ ಹೇಳಿದ. ಹತ್ತಕ್ಕೂ ಹೆಚ್ಚು ವರ್ಷಗಳ ನಂತರ ಅಗಸ್ಟೀನ್ ಅದನ್ನು ಬರೆದಿಟ್ಟ. ಹಾಗಾಗಿ ಇದು ಇನ್ನೊಬ್ಬರ ಬಾಯಿಂದ ಕೇಳಿ ಬರೆದ ಕತೆ, ಅದೂ ಓದುವವರ ಮನಸ್ಸು ತಿರುಗಲಿ ಅನ್ನುವ ಆಸೆಯಿಂದ ಬರೆದದ್ದು. ಅದನ್ನು ನೆನಪಲ್ಲಿ ಇಟ್ಟುಕೊಂಡೇ ಓದಬೇಕು. ಆದರೆ ಕತೆ ಹೇಳಿದ ಸಿಂಪ್ಲಿಸಿಯಾನಸ್ ವಿಕ್ಟೋರಿನಸನ ಆಪ್ತ ಗೆಳೆಯ, ನಡೆದದ್ದನ್ನು ಪಕ್ಕದಲ್ಲೇ ನಿಂತು ನೋಡಿದವನು. ಆ ಮಟ್ಟಿಗೆ ನಂಬಿಕೆಗೆ ಅರ್ಹ.

ಮನುಷ್ಯ ಎಂಥವನು

ವಿಕ್ಟೋರಿನಸ್ ಹುಟ್ಟಿದ್ದು ರೋಮನ್ನರ ಆಳ್ವಿಕೆಯಲ್ಲಿದ್ದ ಉತ್ತರ ಆಫ್ರಿಕಾದಲ್ಲಿ. ರೋಮ್‌ನಲ್ಲಿ ಭಾಷಣಕಲೆ ಕಲಿಸುವ ಮೇಷ್ಟ್ರಾಗಿದ್ದ. ಆ ಕಾಲಕ್ಕೆ ಅದು ಸಣ್ಣ ಕೆಲಸ ಅಲ್ಲ. ಚೆನ್ನಾಗಿ ಮಾತಾಡಲು ಬರದವನಿಗೆ ಅಧಿಕಾರವಿಲ್ಲ, ಕೋರ್ಟಿನಲ್ಲಿ ಜಾಗವಿಲ್ಲ. ಸೆನೆಟ್ ಸದಸ್ಯರಲ್ಲೇ ಅನೇಕರು ಅವನ ಶಿಷ್ಯರಾಗಿದ್ದರು. ಗ್ರೀಕ್ ತತ್ವಜ್ಞಾನದ ಪುಸ್ತಕಗಳನ್ನು ಲ್ಯಾಟಿನ್‌ಗೆ ತಂದವನೂ ಇವನೇ. ಬದುಕಿರುವಾಗಲೇ ಅವನಿಗೆ ಪ್ರತಿಮೆ ನಿಲ್ಲಿಸಿದ್ದರು. ಅದು ಟ್ರಾಜನ್ ಚಕ್ರವರ್ತಿಯ ಹೆಸರಿನ ಚೌಕದಲ್ಲಿ ನಿಂತಿತ್ತು ಅಂತ ಬೈಬಲನ್ನು ಲ್ಯಾಟಿನ್‌ಗೆ ತಂದ ಪಂಡಿತ ಜೆರೋಮ್ ಬರೆಯುತ್ತಾನೆ. ಹಳೆಯ ದೇವತೆಗಳ ಪರವಾಗಿ ವಿಕ್ಟೋರಿನಸ್ ವರ್ಷಗಟ್ಟಲೆ ಗುಡುಗಿದ್ದ. ವಯಸ್ಸಾಗುವವರೆಗೂ ಅದೇ ಪೂಜೆ, ಅದೇ ವಾದ.

ಇಲ್ಲಿ ಕಾಲವನ್ನು ಸರಿಯಾಗಿ ಗಮನಿಸಬೇಕು. ಕ್ರೈಸ್ತ ಧರ್ಮಕ್ಕೆ 313ರಲ್ಲೇ ಸ್ವಾತಂತ್ರ್ಯ ಸಿಕ್ಕಿತ್ತು. ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ತಾನೇ ಕ್ರೈಸ್ತ. ಚರ್ಚಿಗೆ ಹೋದರೆ ಸಿಂಹದ ಬಾಯಿಗೆ ಹಾಕುವ ದಿನಗಳು ಮುಗಿದಿದ್ದವು. ಆದರೆ ರೋಮ್ ನಗರದ ಹಳೆಯ ಶ್ರೀಮಂತ ಮನೆತನಗಳಲ್ಲಿ ಹೆಚ್ಚಿನವು ಇನ್ನೂ ಹಳೆಯ ದೇವತೆಗಳ ಕಡೆಗೇ ಇದ್ದವು. ಅವರ ಕಣ್ಣಲ್ಲಿ ಚರ್ಚ್ ಅಂದರೆ ಓದದವರ ಜಾಗ, ಬೈಬಲ್ ಅಂದರೆ ಒರಟು ಲ್ಯಾಟಿನ್‌ನ ಪುಸ್ತಕ. ವಿಕ್ಟೋರಿನಸ್‌ಗೆ ಜೀವದ ಭಯ ಇರಲಿಲ್ಲ, ಮರ್ಯಾದೆಯ ಭಯ ಇತ್ತು. ಹುತಾತ್ಮರ ಕತೆಗಳಿಗಿಂತ ಈ ಪ್ರಕರಣ ನಮಗೆ ಹತ್ತಿರ ಅನಿಸುವುದು ಅದಕ್ಕೇ.

ಗುಟ್ಟಿನಲ್ಲಿ ಆಡಿದ ಮಾತು

ವಿಕ್ಟೋರಿನಸ್ ಬೈಬಲ್ ಓದಲು ಶುರು ಮಾಡಿದ. ಮೇಲೆ ಮೇಲೆ ಓದುವ ಜಾತಿ ಅವನಲ್ಲ. ಕ್ರೈಸ್ತರು ಬರೆದದ್ದೆಲ್ಲವನ್ನೂ ಹುಡುಕಿ ಓದಿದ, ಕೆದಕಿದ. ಒಂದು ದಿನ ಸಿಂಪ್ಲಿಸಿಯಾನಸ್ ಹತ್ತಿರ, ಯಾರಿಗೂ ಕೇಳಿಸದ ಹಾಗೆ, ತಾನು ಈಗಾಗಲೇ ಕ್ರೈಸ್ತ ಅಂದ. ಗೆಳೆಯ ಹಿಗ್ಗಲಿಲ್ಲ. ನಿನ್ನನ್ನು ಕ್ರಿಸ್ತನ ಸಭೆಯಲ್ಲಿ ನೋಡುವವರೆಗೂ ನಾನು ನಂಬುವುದಿಲ್ಲ, ಕ್ರೈಸ್ತರ ಲೆಕ್ಕಕ್ಕೂ ಸೇರಿಸುವುದಿಲ್ಲ ಅಂದ. ವಿಕ್ಟೋರಿನಸ್ ನಕ್ಕ. ಹಾಗಾದರೆ ಮನುಷ್ಯನನ್ನು ಕ್ರೈಸ್ತನನ್ನಾಗಿ ಮಾಡುವುದು ಗೋಡೆಗಳೋ ಅಂತ ಕೇಳಿದ.

ಇದು ಒಂದು ಸಲ ನಡೆದ ಮಾತಲ್ಲ. ಇವನು ಅದನ್ನೇ ಹೇಳುವುದು, ಅವನು ಇದನ್ನೇ ಹೇಳುವುದು, ಮತ್ತೆ ಗೋಡೆಯ ಹಾಸ್ಯ. ಹೀಗೇ ಎಷ್ಟೋ ಸಲ ಆಯಿತು.

ಗೋಡೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಬೈಬಲ್ಲೇ ಅವನ ಪರವಾಗಿ ನಿಲ್ಲುತ್ತದೆ. ದೇವರು ಕೈಯಿಂದ ಕಟ್ಟಿದ ಗುಡಿಗಳಲ್ಲಿ ವಾಸ ಮಾಡುವುದಿಲ್ಲ ಅಂತ ಅಪೊಸ್ತಲರ ಕೃತ್ಯಗಳು 17:24 ಹೇಳುತ್ತದೆ. ಮೊದಲ ಕ್ರೈಸ್ತರು ಸೇರುತ್ತಿದ್ದದ್ದು ಮನೆಗಳಲ್ಲಿ. ಅಕ್ವಿಲ ಮತ್ತು ಪ್ರಿಸ್ಕರ ಮನೆಯಲ್ಲಿ ಕೂಡುವ ಸಭೆಗೆ ಪೌಲ ವಂದನೆ ಕಳಿಸುತ್ತಾನೆ (ರೋಮಾ. 16:5). ಅಲ್ಲದೆ 313ರ ನಂತರ ಚರ್ಚಿಗೆ ಸೇರುವುದು ಕೆಲವರಿಗೆ ಲಾಭದ ವಿಷಯವೂ ಆಗಿತ್ತು. ಗೋಡೆಯ ಒಳಗಿದ್ದೂ ಕ್ರೈಸ್ತರಲ್ಲದವರು ಆಗ ಧಾರಾಳವಾಗಿ ಇದ್ದಿರಬೇಕು, ಈಗ ಇರುವ ಹಾಗೆ. ಅಂದಮೇಲೆ ಪಂಡಿತ ಕೇಳಿದ್ದರಲ್ಲಿ ತಪ್ಪೇನು?

ಸಿಂಪ್ಲಿಸಿಯಾನಸ್ ಇದಕ್ಕೆ ಯಾವ ಪ್ರತಿವಾದ ಹೂಡಿದ ಅಂತ ಅಗಸ್ಟೀನ್ ಬರೆಯುವುದಿಲ್ಲ. ಹೂಡಲಿಲ್ಲ ಅಂತಲೇ ನನಗೆ ಅನಿಸುತ್ತದೆ. ರೋಮ್‌ನ ಅತಿ ದೊಡ್ಡ ವಾದಗಾರನ ಜೊತೆ ವಾದ ಮಾಡಿ ಗೆಲ್ಲುವುದು ಅಷ್ಟು ಸುಲಭವಾ? ಅವನು ತನ್ನ ಮಾತಿಗೆ ಅಂಟಿಕೊಂಡ, ಗೆಳೆತನವನ್ನೂ ಬಿಡಲಿಲ್ಲ. ಇಷ್ಟು ದೊಡ್ಡ ಹೆಸರಿನವನು ಬಂದು ನಾನೂ ನಿಮ್ಮವನೇ ಅಂದರೆ ಎಷ್ಟು ಜನ ಪಾದ್ರಿಗಳು ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳುತ್ತಿದ್ದರು, ಯೋಚಿಸಿ. ಅವನ ಹೆಸರನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಸಿಂಪ್ಲಿಸಿಯಾನಸ್ ಆ ಆಸೆಗೆ ಬೀಳಲಿಲ್ಲ.

ನಿಜವಾದ ತಡೆ

ಅಗಸ್ಟೀನ್ ಕಾರಣವನ್ನು ನೇರವಾಗಿ ಹೇಳಿಬಿಡುತ್ತಾನೆ. ವಿಕ್ಟೋರಿನಸ್ ತನ್ನ ಗೆಳೆಯರಿಗೆ ಹೆದರಿದ್ದ. ಅವರು ಎತ್ತರದಲ್ಲಿ ಕೂತ ದೊಡ್ಡವರು. ಅವರ ಕೋಪ ತನ್ನ ಮೇಲೆ ಮರದಂತೆ ಉರುಳೀತು ಅನ್ನುವ ದಿಗಿಲು. ಗೋಡೆಯ ಪ್ರಶ್ನೆ ಆ ದಿಗಿಲನ್ನು ಮುಚ್ಚುವ ಹೊದಿಕೆಯಾಗಿತ್ತು.

ಇದಕ್ಕೆ ಒಂದು ಒಳ್ಳೆಯ ಪುರಾವೆಯೂ ಇದೆ. ಹಳೆಯ ದೇವತೆಗಳನ್ನು ಪೂಜಿಸುವಾಗ ಅವನು ಯಾವತ್ತೂ ಗೋಡೆಯ ಮಾತು ಎತ್ತಿರಲಿಲ್ಲ. ಗುಡಿ, ಬಲಿ, ಮೆರವಣಿಗೆ, ಎಲ್ಲರೆದುರು ಭಾಷಣ, ಎಲ್ಲವೂ ಬಯಲಲ್ಲೇ ನಡೆದಿತ್ತು. ನಂಬಿಕೆ ಮನಸ್ಸಿನ ಒಳಗಿದ್ದರೆ ಸಾಕು ಅನ್ನುವ ತತ್ವ ಹುಟ್ಟಿದ್ದು ಕ್ರಿಸ್ತನ ವಿಷಯ ಬಂದಾಗ ಮಾತ್ರ. ಈ ಎರಡು ಅಳತೆಗೋಲು ಕೊನೆಗೆ ಅವನಿಗೇ ಚುಚ್ಚಿತು. ಅಹಂಕಾರದ ಪೂಜೆಗಳಿಗೆ ನಾಚದವನು, ಮನುಷ್ಯನಾಗಿ ತಗ್ಗಿ ಬಂದ ದೇವರ ಸಂಸ್ಕಾರಗಳಿಗೆ ನಾಚುತ್ತಿದ್ದೇನಲ್ಲ ಅನ್ನಿಸಿತು. ಜನರ ಮುಂದೆ ನನ್ನನ್ನು ಒಪ್ಪಿಕೊಳ್ಳದವನನ್ನು ದೇವದೂತರ ಮುಂದೆ ನಾನೂ ಒಪ್ಪಿಕೊಳ್ಳುವುದಿಲ್ಲ ಅನ್ನುವ ಅರ್ಥದ ಯೇಸುವಿನ ಮಾತು ಲೂಕ 12ರಲ್ಲಿದೆ. ಓದುತ್ತಾ ಓದುತ್ತಾ ಆ ಮಾತು ಅವನನ್ನು ಹಿಡಿದುಕೊಂಡಿತು.

ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ಚರ್ಚಿಗೆ ಹೋಗೋಣ ನಡಿ, ನಾನು ಕ್ರೈಸ್ತನಾಗಬೇಕು ಅಂದ. ಆಗಿದ್ದೇನೆ ಅನ್ನುತ್ತಿದ್ದವನು ಈಗ ಆಗಬೇಕು ಅಂದ. ಸಿಂಪ್ಲಿಸಿಯಾನಸ್‌ಗೆ ಖುಷಿ ತಡೆಯಲಾಗಲಿಲ್ಲ. ಜೊತೆಯಲ್ಲೇ ಹೊರಟ.

ಆಗಿನ ಕಾಲದಲ್ಲಿ ಸೇರುವುದು ಹೇಗಿತ್ತು

ನಾಲ್ಕನೇ ಶತಮಾನದಲ್ಲಿ ಒಂದು ಫಾರಂ ತುಂಬಿ ಸದಸ್ಯರಾಗುವ ಪದ್ಧತಿ ಇರಲಿಲ್ಲ. ಮೊದಲು ಕಲಿಯುವವರ ಸಾಲಿಗೆ ಸೇರಬೇಕು. ಹಣೆಯ ಮೇಲೆ ಶಿಲುಬೆಯ ಗುರುತು, ಪಶ್ಚಿಮದ ಸಭೆಗಳಲ್ಲಿ ನಾಲಿಗೆಗೆ ಉಪ್ಪು. ಈ ಸಾಲಿನವರು ವಾಕ್ಯ ಕೇಳಬಹುದು, ಪ್ರಸಂಗ ಕೇಳಬಹುದು. ರೊಟ್ಟಿ ಮತ್ತು ದ್ರಾಕ್ಷಾರಸದ ಪವಿತ್ರ ಭೋಜನ ಶುರುವಾಗುವ ಮೊದಲು ಎದ್ದು ಹೊರಗೆ ಹೋಗಬೇಕು. ಒಳಗೆ ಮುಂದೆ ಏನು ನಡೆಯುತ್ತದೆ ಅಂತ ಅವರಿಗೆ ವಿವರಿಸುತ್ತಲೂ ಇರಲಿಲ್ಲ. ವರ್ಷಗಟ್ಟಲೆ, ಕೆಲವರು ಸಾಯುವ ಕಾಲದವರೆಗೂ, ಈ ಸಾಲಿನಲ್ಲೇ ಇರುತ್ತಿದ್ದರು.

ಮುಂದಿನ ಹೆಜ್ಜೆ ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರಕ್ಕೆ, ಹೆಸರು ಕೊಡುವುದು. ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ ಪಾಠ, ಪ್ರಾರ್ಥನೆ, ಬದುಕಿನ ವಿಚಾರಣೆ ನಡೆಯುತ್ತಿತ್ತು. ವಿಶ್ವಾಸ ಪ್ರಮಾಣವನ್ನು, ಅಂದರೆ ಕ್ರೈಸ್ತ ನಂಬಿಕೆಯನ್ನು ಚಿಕ್ಕದಾಗಿ ಹೇಳುವ ಮಾತುಗಳನ್ನು, ಬಾಯಿಂದ ಬಾಯಿಗೆ ಕಲಿಸುತ್ತಿದ್ದರು. ಅದನ್ನು ಬರೆದುಕೊಳ್ಳುವ ಹಾಗಿಲ್ಲ, ಬಾಯಿಪಾಠ ಮಾಡಿ ಒಪ್ಪಿಸಬೇಕು. ಆಮೇಲೆ ಈಸ್ಟರ್ ರಾತ್ರಿಯ ದೀಕ್ಷಾಸ್ನಾನ. ಅಲ್ಲಿಂದ ಮುಂದೆ ಭೋಜನದ ಮೇಜು.

ಈಗ ವಿಕ್ಟೋರಿನಸನ ಜಾಗದಲ್ಲಿ ನಿಂತು ನೋಡಿ. ಇಡೀ ಜೀವಮಾನ ಬೇರೆಯವರಿಗೆ ಪಾಠ ಹೇಳಿದವನು ಕಲಿಯುವವರ ಬೆಂಚಿಗೆ ಬಂದು ಕೂತ. ಇಂಥ ಮಾತನ್ನು ಇಂಥ ಜನರಿಗೆ ಹೇಗೆ ಹೇಳಬೇಕು ಅಂತ ಕಲಿಸುತ್ತಿದ್ದವನು, ಬೇರೆಯವರು ಕೊಟ್ಟ ಮಾತನ್ನು ಅಕ್ಷರ ಬದಲಿಸದೆ ಬಾಯಿಪಾಠ ಮಾಡಿದ. ನಂಬಿಕೆಯ ವಿಷಯಗಳು ಅವನಿಗೆ ಮೊದಲೇ ಗೊತ್ತಿದ್ದವು, ಬಹುಶಃ ಕಲಿಸಿದವರಿಗಿಂತ ಚೆನ್ನಾಗಿ. ಆದರೂ ಕೂತ. ಪ್ರತಿಮೆ ಹೊರಗೆ ಚೌಕದಲ್ಲಿ ಹಾಗೇ ನಿಂತಿತ್ತು.

ವೇದಿಕೆ ಹತ್ತಿದ ದಿನ

ರೋಮ್‌ನ ಸಭೆಯಲ್ಲಿ ವಿಶ್ವಾಸ ಪ್ರಮಾಣವನ್ನು ಎತ್ತರದ ಜಾಗದಲ್ಲಿ ನಿಂತು ವಿಶ್ವಾಸಿಗಳೆಲ್ಲರ ಎದುರು ಹೇಳಬೇಕಾಗಿತ್ತು. ಸಂಕೋಚದವರಿಗೆ ವಿನಾಯಿತಿ ಇತ್ತು, ಏಕಾಂತದಲ್ಲಿ ಹೇಳಬಹುದಿತ್ತು. ಪಾದ್ರಿಗಳು ವಿಕ್ಟೋರಿನಸ್‌ಗೂ ಅದನ್ನೇ ಸೂಚಿಸಿದರು. ಒಳ್ಳೆಯ ಮನಸ್ಸಿನಿಂದಲೇ ಸೂಚಿಸಿರಬೇಕು.

ಅವನು ಒಪ್ಪಲಿಲ್ಲ. ಭಾಷಣಕಲೆಯಲ್ಲಿ ರಕ್ಷಣೆ ಇರಲಿಲ್ಲ, ಅದನ್ನು ಎಲ್ಲರೆದುರು ಕಲಿಸಿದೆ, ಈಗ ರಕ್ಷಣೆಯ ಮಾತನ್ನು ಗುಟ್ಟಾಗಿ ಹೇಳುವುದಾ ಅನ್ನುವುದು ಅವನ ತರ್ಕ. ಇದು ಧೈರ್ಯದ ಪ್ರದರ್ಶನ ಅಂತ ಕೆಲವರು ಓದುತ್ತಾರೆ. ನನಗೆ ಅದು ಹಳೆಯ ಎರಡು ಅಳತೆಗೋಲಿನ ಲೆಕ್ಕ ಸರಿ ಮಾಡಿದ ಹಾಗೆ ಕಾಣುತ್ತದೆ.

ಅವನು ಮೇಲೆ ಹತ್ತಿದಾಗ ಜನರ ನಡುವೆ ಅವನ ಹೆಸರು ಓಡಾಡಿತು. ವಿಕ್ಟೋರಿನಸ್, ವಿಕ್ಟೋರಿನಸ್! ಸಂತೋಷ ತಡೆಯದೆ ಮೆಲುದನಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡರು. ಅವನ ಮಾತು ಕೇಳಬೇಕು ಅಂತ ಮರುಕ್ಷಣವೇ ಸುಮ್ಮನಾದರು. ಅವನು ಗಟ್ಟಿಯಾಗಿ ಹೇಳಿದ. ಎಲ್ಲರೂ ಅವನನ್ನು ತಮ್ಮ ಎದೆಯೊಳಗೆ ಎಳೆದುಕೊಳ್ಳಲು ಬಯಸಿದರು, ಪ್ರೀತಿ ಮತ್ತು ಸಂತೋಷವೇ ಅದಕ್ಕೆ ಅವರು ಚಾಚಿದ ಕೈಗಳು ಅಂತ ಅಗಸ್ಟೀನ್ ಬರೆಯುತ್ತಾನೆ.

ಗೋಡೆಯ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನಾನು ತಿಳಿದಿದ್ದೇನೆ. ಗೋಡೆಗಳು ಯಾರನ್ನೂ ಕ್ರೈಸ್ತನನ್ನಾಗಿ ಮಾಡುವುದಿಲ್ಲ, ವಿಕ್ಟೋರಿನಸ್ ಅದರಲ್ಲಿ ಸರಿ. ಆದರೆ ಗೋಡೆಗಳ ಒಳಗೆ ಜನ ಇದ್ದರು. ಮನೆಯಲ್ಲಿ ಕೂತು ನಂಬುತ್ತಿದ್ದಾಗ ಅವನ ನಂಬಿಕೆಯ ಮೇಲೆ ಯಾರಿಗೂ ಹಕ್ಕಿರಲಿಲ್ಲ. ನಾಳೆ ಬಿಟ್ಟುಬಿಟ್ಟರೆ ಕೇಳುವವರಿಲ್ಲ, ಕಷ್ಟ ಬಂದರೆ ಗೊತ್ತಾಗುವವರಿಲ್ಲ. ವೇದಿಕೆ ಹತ್ತಿದ ಮೇಲೆ ಅಷ್ಟೂ ಜನಕ್ಕೆ ಅವನ ಮೇಲೆ ಹಕ್ಕು ಬಂತು, ಅವನಿಗೆ ಅವರ ಮೇಲೆ.

ಹೊಸ ಒಡಂಬಡಿಕೆ ಓದಿದರೆ ಈ ಹಕ್ಕಿನ ಮಾತು ಎಲ್ಲ ಕಡೆ ಸಿಗುತ್ತದೆ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು (ಗಲಾತ್ಯ 6:2). ಒಬ್ಬರಿಗೊಬ್ಬರು ಪಾಪ ಒಪ್ಪಿಕೊಳ್ಳಬೇಕು (ಯಾಕೋಬ 5:16). ಕಣ್ಣು ಕೈಗೆ ನೀನು ನನಗೆ ಬೇಡ ಅನ್ನುವ ಹಾಗಿಲ್ಲ (1 ಕೊರಿಂಥ 12:21). ಇವನ್ನು ಒಬ್ಬರೇ ಕೂತು ಪಾಲಿಸುವುದು ಹೇಗೆ? ದೀಕ್ಷಾಸ್ನಾನವನ್ನು ಯಾರೂ ತಮಗೆ ತಾವೇ ಕೊಟ್ಟುಕೊಳ್ಳುವುದಿಲ್ಲ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟ್, ಯಾವ ಸಭೆಯಲ್ಲಾದರೂ ಇನ್ನೊಬ್ಬರ ಕೈ ಬೇಕು. ಸೇರುವ ವಿಧಾನದಲ್ಲಿ ಸಭೆಗಳು ಒಂದೇ ಥರ ಇಲ್ಲ. ಕೆಲವು ಕಡೆ ಮಗುವಿದ್ದಾಗಲೇ ದೀಕ್ಷಾಸ್ನಾನ, ಕೆಲವು ಕಡೆ ಬುದ್ಧಿ ಬಂದು ಸ್ವಂತ ಬಾಯಿಂದ ಒಪ್ಪಿಕೊಂಡ ಮೇಲೆ. ಲೂಥರನ್ನರು 1530ರಲ್ಲಿ ಚಕ್ರವರ್ತಿಯ ಮುಂದೆ ಇಟ್ಟ ಔಗ್ಸ್‌ಬರ್ಗ್ ವಿಶ್ವಾಸಪತ್ರದ 7ನೇ ವಿಧಿ, ಸುವಾರ್ತೆಯನ್ನು ಶುದ್ಧವಾಗಿ ಬೋಧಿಸಿ ಸಂಸ್ಕಾರಗಳನ್ನು ಸರಿಯಾಗಿ ನಡೆಸುವ ಭಕ್ತರ ಕೂಟವೇ ಸಭೆ ಅನ್ನುತ್ತದೆ. ಅಲ್ಲೂ ಕಟ್ಟಡದ ಮಾತಿಲ್ಲ.

ಗೆಳೆಯರ ಬಳಗಕ್ಕೂ ಸಭೆಗೂ ಇರುವ ವ್ಯತ್ಯಾಸವೂ ಇಲ್ಲಿ ಗೊತ್ತಾಗುತ್ತದೆ. ಗೆಳೆಯರನ್ನು ನಾವು ಆರಿಸಿಕೊಳ್ಳುತ್ತೇವೆ. ವಿಕ್ಟೋರಿನಸನ ಹಳೆಯ ಬಳಗ ಅವನ ಮಟ್ಟದವರದ್ದೇ. ಸಭೆಯಲ್ಲಿ ಅವನ ಪಕ್ಕ ಯಾರು ಕೂತಿದ್ದರೋ ಅವರನ್ನು ಅವನು ಆರಿಸಿರಲಿಲ್ಲ.

ತೆತ್ತ ಬೆಲೆ

361ರಲ್ಲಿ ಜೂಲಿಯನ್ ಚಕ್ರವರ್ತಿಯಾದ. ಕ್ರೈಸ್ತನಾಗಿ ಬೆಳೆದು ಹಳೆಯ ದೇವತೆಗಳ ಕಡೆ ತಿರುಗಿದವನು. 362ರಲ್ಲಿ ಅವನು ಕ್ರೈಸ್ತರು ಸಾಹಿತ್ಯ ಮತ್ತು ಭಾಷಣಕಲೆ ಕಲಿಸಬಾರದು ಅಂತ ತಡೆ ಹಾಕಿದ. ಗುಟ್ಟಿನ ಕ್ರೈಸ್ತನಾಗಿದ್ದರೆ ವಿಕ್ಟೋರಿನಸ್‌ಗೆ ತೊಂದರೆಯೇ ಇರಲಿಲ್ಲ, ಸುಮ್ನೆ ಪಾಠ ಮಾಡಿಕೊಂಡು ಇರಬಹುದಿತ್ತು. ಆದರೆ ಇಡೀ ರೋಮ್‌ಗೆ ಗೊತ್ತಾಗಿತ್ತು. ಅವನು ಶಾಲೆಯನ್ನು ಬಿಟ್ಟ. ಮರುವರ್ಷವೇ, 363ರಲ್ಲಿ, ಜೂಲಿಯನ್ ಯುದ್ಧದಲ್ಲಿ ಸತ್ತ.

ಶಾಲೆ ಹೋಯಿತು, ಬರವಣಿಗೆ ಉಳಿಯಿತು. ತ್ರಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ನಂಬಿಕೆಯ) ಬಗ್ಗೆ ಗ್ರಂಥಗಳು, ಸ್ತೋತ್ರಗಳು, ಪೌಲನ ಪತ್ರಗಳಿಗೆ ವ್ಯಾಖ್ಯಾನಗಳು. ಗಲಾತ್ಯ, ಎಫೆಸ, ಫಿಲಿಪ್ಪಿ ಪತ್ರಗಳ ಮೇಲೆ ಅವನು ಬರೆದದ್ದು ಇವತ್ತಿಗೂ ಸಿಗುತ್ತದೆ. ಪೌಲನ ಪತ್ರಗಳಿಗೆ ಲ್ಯಾಟಿನ್‌ನಲ್ಲಿ ನಮಗೆ ಉಳಿದಿರುವ ಮೊದಲ ವ್ಯಾಖ್ಯಾನಗಳು ಅವೇ. ಅವನ ಲ್ಯಾಟಿನ್ ಕಷ್ಟ. ತುಂಬಾ ಕಷ್ಟ. ಬಡಪಾಯಿ ಓದುಗರು ಜೆರೋಮ್ ಕಾಲದಿಂದಲೂ ಗೊಣಗುತ್ತಿದ್ದಾರೆ.

ಈ ಪ್ರಕರಣ ಎಲ್ಲಿಗೆ ಅನ್ವಯಿಸುವುದಿಲ್ಲ

ಇದನ್ನು ಹೇಳದಿದ್ದರೆ ಅನ್ಯಾಯ. ವಿಕ್ಟೋರಿನಸ್ ಹೊರಗೆ ನಿಂತದ್ದು ನಾಚಿಕೆಯಿಂದ. ಎಷ್ಟೋ ಜನ ಹೊರಗೆ ನಿಂತಿರುವುದು ಗಾಯದಿಂದ. ಸಭೆಯ ಒಳಗೇ ಮೋಸ ಹೋದವರು, ದೌರ್ಜನ್ಯ ಅನುಭವಿಸಿದವರು, ಮೇಲು ಕೀಳು ನೋಡಿ ದೂರ ತಳ್ಳಿಸಿಕೊಂಡವರು ಇದ್ದಾರೆ. ಅವರ ಮುಂದೆ ಸಿಂಪ್ಲಿಸಿಯಾನಸನ ಮಾತನ್ನು ಎತ್ತಿ ಹೇಳುವುದು ಕ್ರೂರ. ಅವನು ಅದನ್ನು ಹೇಳಿದ್ದು ಒಬ್ಬ ಗೆಳೆಯನಿಗೆ, ಅವನ ಒಳಗನ್ನು ಬಲ್ಲವನಾಗಿ.

ನಾಚಿಕೆಯೂ ಇಲ್ಲದೆ, ಗಾಯವೂ ಇಲ್ಲದೆ ಹೊರಗೆ ನಿಂತವರೂ ಇದ್ದಾರೆ. ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ (1909–1943) 1942ರಲ್ಲಿ ಜೋಸೆಫ್ ಮಾರಿ ಪೆರಾಂ ಎಂಬ ಡೊಮಿನಿಕನ್ ಪಾದ್ರಿಗೆ ಬರೆದ ಪತ್ರಗಳಲ್ಲಿ ತಾವು ಯಾಕೆ ದೀಕ್ಷಾಸ್ನಾನ ತೆಗೆದುಕೊಳ್ಳುತ್ತಿಲ್ಲ ಅಂತ ವಿವರಿಸಿದರು. ಕ್ರಿಸ್ತನ ಮೇಲೆ ಅವರಿಗೆ ಪ್ರೀತಿ ಇತ್ತು. ಅವರು ಹೆದರಿದ್ದು ‘ನಾವು’ ಅನ್ನುವುದರ ಬಿಸುಪಿಗೆ. ಗುಂಪಿನ ಭಾವನೆ ತಮ್ಮನ್ನು ಬಹಳ ಬೇಗ ಸೆಳೆಯುತ್ತದೆ, ನಾಜಿ ಹಾಡು ಹಾಡುವ ಹುಡುಗರ ಗುಂಪು ಎದುರಿಗೆ ಬಂದರೂ ಮನಸ್ಸಿನ ಒಂದು ಭಾಗ ಅತ್ತ ಜಾರೀತು ಅಂತ ಅವರು ತಮ್ಮ ಬಗ್ಗೆಯೇ ಬರೆದುಕೊಂಡರು. ಸಭೆಯ ಹೊರಗೆ ಇರುವ ಅಷ್ಟೊಂದು ಜನರ ಜೊತೆ ತಾವೂ ನಿಲ್ಲಬೇಕು ಅನ್ನುವುದು ಅವರ ಇನ್ನೊಂದು ಕಾರಣ.

ವೇಯ್ ಅವರ ಭಯಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ವಿಕ್ಟೋರಿನಸ್‌ಗೆ ಸಿಕ್ಕ ಅದೇ ಹರ್ಷದ ಗುಜುಗುಜು ಅವರಿಗೆ ಅಪಾಯವಾಗಿ ಕಂಡಿತು. ಒಂದು ಸಭೆ ತನ್ನವರನ್ನು ಪ್ರೀತಿಸುವ ಭರದಲ್ಲಿ ಹೊರಗಿನವರನ್ನು ಮರೆತರೆ ಅವರ ಮಾತು ನಿಜವಾಗುತ್ತದೆ. ಆದರೂ ಇಬ್ಬರ ನಡುವೆ ಒಂದು ವ್ಯತ್ಯಾಸ ಇದೆ ಅಲ್ವಾ? ವೇಯ್ ಹೊರಗಿದ್ದು ಬೆಲೆ ತೆತ್ತರು, ತಮಗೆ ಬೇಕಾದ ಸಂಸ್ಕಾರವನ್ನೇ ಬಿಟ್ಟುಕೊಟ್ಟರು. ಆ ಗುಟ್ಟಿನ ಮಾತಿನ ದಿನಗಳಲ್ಲಿ ವಿಕ್ಟೋರಿನಸ್ ಹೊರಗಿದ್ದು ಏನನ್ನೂ ಕಳೆದುಕೊಂಡಿರಲಿಲ್ಲ. ಪ್ರತಿಮೆಯೂ ಇತ್ತು, ಗೆಳೆಯರೂ ಇದ್ದರು, ಮನಸ್ಸಿನಲ್ಲಿ ಯೇಸುವೂ ಇದ್ದ.

ಅಗಸ್ಟೀನನಿಗೇ ಹುಟ್ಟಿದ ಅನುಮಾನ

ಕತೆ ಹೇಳಿ ಮುಗಿಸಿದ ಕೂಡಲೇ ಅಗಸ್ಟೀನ್ ಒಂದು ಮುಜುಗರದ ಪ್ರಶ್ನೆ ಎತ್ತುತ್ತಾನೆ. ಹೆಸರಿಲ್ಲದವರು ಬಂದಾಗ ಆಗುವ ಸಂತೋಷಕ್ಕಿಂತ ಹೆಸರಿರುವವರು ಬಂದಾಗ ಜಾಸ್ತಿ ಸಂತೋಷ ಯಾಕೆ? ದೊಡ್ಡವರನ್ನು ನೋಡಿ ಇನ್ನಷ್ಟು ಜನ ಬರುತ್ತಾರೆ ಅಂತ ಕಾರಣ ಕೊಡುತ್ತಾನೆ. ಆದರೆ ದೇವರ ಮನೆಯಲ್ಲಿ ಬಡವರಿಗಿಂತ ಶ್ರೀಮಂತರಿಗೆ ಮಣೆ ಹಾಕುವುದು ಎಂದಿಗೂ ಆಗಬಾರದು ಅಂತಲೂ ಸೇರಿಸುತ್ತಾನೆ. ಆ ದಿನ ವೇದಿಕೆ ಹತ್ತಿದ ಉಳಿದವರಿಗೆ ಯಾವ ಸ್ವಾಗತ ಸಿಕ್ಕಿತು ಅಂತ ಮಾತ್ರ ಬರೆಯುವುದಿಲ್ಲ. ಸಭೆಗೆ ಸೇರುವುದರ ಬಗ್ಗೆ ಇಷ್ಟು ಚೆಂದದ ಪ್ರಕರಣದಲ್ಲಿ ನನಗೆ ಚುಚ್ಚುವ ಖಾಲಿ ಜಾಗ ಅದೊಂದೇ.

ಸಿಂಪ್ಲಿಸಿಯಾನಸ್ ಈ ಕತೆ ಹೇಳಿದ್ದು ಸುಮ್ಮನೆ ಅಲ್ಲ. ಆಗ ಅಗಸ್ಟೀನ್ ಕೂಡ ಭಾಷಣಕಲೆಯ ಮೇಷ್ಟ್ರು, ಅವನೂ ಹೊಸ್ತಿಲ ಮೇಲೆ ನಿಂತಿದ್ದ. ಕೇಳಿದ ತಕ್ಷಣ ವಿಕ್ಟೋರಿನಸ್ ಹಾಗೆ ಮಾಡಬೇಕು ಅಂತ ಮನಸ್ಸು ಉರಿಯಿತು ಅಂತ ಬರೆಯುತ್ತಾನೆ. ಆದರೆ ಹಾಗೆ ಮಾಡಲಿಲ್ಲ! ಮನಸ್ಸು ಗಟ್ಟಿಯಾದ ಮೇಲೂ ದ್ರಾಕ್ಷಿ ಕೊಯ್ಲಿನ ರಜೆ ಬರುವವರೆಗೆ ಕಾದು, ಎದೆನೋವಿನ ಕಾರಣವನ್ನೂ ಮುಂದಿಟ್ಟು, ಗದ್ದಲ ಇಲ್ಲದೆ ಕೆಲಸ ಬಿಟ್ಟ. ಮುಂದಿನ ವರ್ಷ ತನ್ನ ಹೆಸರು ಕೊಟ್ಟ. 387ರ ಈಸ್ಟರ್ ರಾತ್ರಿ ಮಿಲಾನ್‌ನಲ್ಲಿ ಬಿಷಪ್ ಆಂಬ್ರೋಸ್ ಅವನಿಗೆ ದೀಕ್ಷಾಸ್ನಾನ ಕೊಟ್ಟ. ಮಗ ಅಡಿಯೋಡಾಟಸ್, ಗೆಳೆಯ ಅಲಿಪಿಯಸ್ ಕೂಡ ಅವನ ಜೊತೆಯಲ್ಲೇ ನೀರಿಗೆ ಇಳಿದರು.